ಮಂಕಾದದ್ದು ಪರದೆ, ಕಣ್ಣಲ್ಲ

"ಕಣ್ಣು ಮತ್ತೆ ಮಂಜಾಗ್ತಿದೆ ಕಣಮ್ಮ" ಅಂತ ಅಪ್ಪ ಒಂದು ಸಂಜೆ ಮೆಲ್ಲಗೆ ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಆಮೇಲೆ ಎಲ್ಲ ಸರಿಯಾಗೇ ಇತ್ತು. ಪುಸ್ತಕದ ಸಣ್ಣ ಅಕ್ಷರ ಮಾತ್ರ ಕಷ್ಟ ಅನ್ನುತ್ತಿದ್ದರು. ಅದಕ್ಕೇ ಒಂದು ಟ್ಯಾಬ್ ತಂದುಕೊಟ್ಟಿದ್ದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು, ಬೆಳಕನ್ನು ಪೂರ್ತಿ ಏರಿಸಿಕೊಂಡು ದಿನಕ್ಕೆ ನಾಲ್ಕೈದು ಗಂಟೆ ಓದುತ್ತಿದ್ದರು. ಓದು ಇಲ್ಲದ ಅಪ್ಪನನ್ನು ನಾನು ನೋಡಿಯೇ ಇಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಹನಿ ಹಾಕಿ, ದೀಪ ಬಿಟ್ಟು, ಎಲ್ಲ ನೋಡಿ "ಏನೂ ಆಗಿಲ್ಲ, ಚೆನ್ನಾಗಿದೆ" ಅಂದರು. ಮನೆಗೆ ಬಂದ ಮೇಲೂ ಅಪ್ಪನಿಗೆ ಸಮಾಧಾನವಿಲ್ಲ. ನನಗೂ ಇಲ್ಲ. ಆ ರಾತ್ರಿ ಅವರ ಟ್ಯಾಬ್ ತೆಗೆದು ನೋಡಿದೆ. ಓದುತ್ತಿದ್ದ ಕಾದಂಬರಿ 61 ಪರ್ಸೆಂಟ್‌ಗೆ ನಿಂತುಬಿಟ್ಟಿತ್ತು. ಅದನ್ನು ಕೊನೆಯ ಸಲ ತೆರೆದದ್ದು ಮೂರು ವಾರದ ಹಿಂದೆ. ಮೂರು ವಾರದಿಂದ ಓದಿಲ್ಲ, ನಮ್ಮಲ್ಲಿ ಯಾರಿಗೂ ಹೇಳಿಲ್ಲ. ಕಣ್ಣು ಹೋಗುತ್ತಿದೆ ಅಂತ ಒಬ್ಬರೇ ಅಂಜಿಕೊಂಡು ಕೂತಿದ್ದರು.

ಮಾರನೇ ದಿನ ಕೇಳಿದೆ. "ಅಪ್ಪಾ, ಯಾವ ಹೊತ್ತಲ್ಲಿ ಮಂಜಾಗುತ್ತೆ?"

ಅವರು ಸ್ವಲ್ಪ ಯೋಚಿಸಿದರು. "ಬೆಳಿಗ್ಗೆ ಅಷ್ಟಿಲ್ಲ. ಮಧ್ಯಾಹ್ನ ಓದೋಕೆ ಶುರು ಮಾಡಿದ್ರೆ, ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ."

ಆ ಉತ್ತರ ಕೇಳಿ ನನಗೆ ಏನೋ ಹೊಳೆಯಿತು. ಪೊರೆಯಂಥ ತೊಂದರೆ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಅಲ್ವಾ? ಅವತ್ತು ಮಧ್ಯಾಹ್ನ "ಎಂದಿನ ಹಾಗೇ ಓದಿ, ನಾನು ಪಕ್ಕದಲ್ಲೇ ಇರ್ತೀನಿ" ಅಂತ ಹೇಳಿ ಕೂತೆ.

ಅಪ್ಪ ಓದುವ ಭಂಗಿ ಹೀಗಿತ್ತು. ಕಿಟಕಿ ಪಕ್ಕದ ಮಂಚ. ಬೆನ್ನಿಗೆ ಎರಡು ದಿಂಬು. ಹೊಟ್ಟೆಯ ಮೇಲೆ ಮಡಚಿದ ಹೊದಿಕೆ, ಅದರ ಮೇಲೆ ಟ್ಯಾಬ್. ಟ್ಯಾಬ್‌ಗೆ ದಪ್ಪನೆಯ ಮಡಚುವ ಕವರ್. ಬೆಳಗಿನ ಓದಿಗೇ ಬ್ಯಾಟರಿ ಅರ್ಧ ಇಳಿದಿರುತ್ತಿತ್ತು, ಹಾಗಾಗಿ ಚಾರ್ಜರ್ ಕೂಡ ಸಿಕ್ಕಿಸಿಯೇ ಇತ್ತು. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಮೊದಲು ಮಂಚದ ಅಂಚಿನಲ್ಲಿತ್ತು. ನಿಧಾನವಾಗಿ ಸರಿದು ಟ್ಯಾಬ್‌ನ ಮೇಲೆ ಬಂತು. ಅಪ್ಪ ಅದನ್ನು ಗಮನಿಸಲೇ ಇಲ್ಲ. ಬಿಸಿಲು ಬಿದ್ದರೆ ಅಕ್ಷರ ಕಾಣುವುದು ಕಷ್ಟ ಅಂತ ಬ್ರೈಟ್‌ನೆಸ್ ಗೆರೆಯನ್ನು ತುದಿಗೆ ಎಳೆದರು, ಅಷ್ಟೇ.

ಸುಮಾರು ನಲವತ್ತು ನಿಮಿಷ ಆಗಿರಬೇಕು. ಪರದೆ ಮಂಕಾಯಿತು. ಒಮ್ಮೆಲೇ ಅಲ್ಲ. ಮೋಡ ಸರಿದು ಬಂದಾಗ ಅಂಗಳದ ಬೆಳಕು ಇಳಿಯುತ್ತದಲ್ಲ, ಹಾಗೆ. ನಾನು ಪಕ್ಕದಲ್ಲಿ ಕೂತು ಅದನ್ನೇ ಕಾಯುತ್ತಿದ್ದೆ, ಹಾಗಾಗಿ ಗೊತ್ತಾಯಿತು. ಓದಿನಲ್ಲಿ ಮುಳುಗಿದವರಿಗೆ ಗೊತ್ತೇ ಆಗುವುದಿಲ್ಲ. ಬ್ರೈಟ್‌ನೆಸ್ ಗೆರೆ ಮಾತ್ರ ಇನ್ನೂ ತುದಿಯಲ್ಲೇ ಇತ್ತು. ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಕಣ್ಣು ಉಜ್ಜಿಕೊಂಡರು. "ನೋಡು, ಶುರುವಾಯ್ತು" ಅಂದರು.

"ಅಪ್ಪಾ, ನನಗೂ ಮಂಕಾಗೇ ಕಾಣ್ತಿದೆ."

ಟ್ಯಾಬ್ ಎತ್ತಿಕೊಂಡು ಕವರ್ ಬಿಚ್ಚಿದೆ. ಬೆನ್ನು ಮುಟ್ಟಿದೆ. ಕಾದ ಹೆಂಚಿನ ಹಾಗಿತ್ತು. ಕೈ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಚಾರ್ಜರ್ ಸಿಕ್ಕಿಸಿಯೇ ಇದ್ದರೂ ಅರ್ಧ ಗಂಟೆಯಿಂದ ಚಾರ್ಜ್ ಒಂದು ಪರ್ಸೆಂಟ್ ಕೂಡ ಏರಿರಲಿಲ್ಲ. ಹಿಂದಿನ ತಿಂಗಳು ಅಪ್ಪ "ಚಾರ್ಜ್ ಏರ್ತಿಲ್ಲ" ಅಂದಾಗ ಕೇಬಲ್ ಹಾಳಾಗಿದೆ ಅಂದುಕೊಂಡು ನಾನೇ ಹೊಸದು ಹಾಕಿಕೊಟ್ಟಿದ್ದೆ. ಕೇಬಲ್‌ನದ್ದೂ ತಪ್ಪಿರಲಿಲ್ಲ.

ಆ ಸಂಜೆಯಿಂದ ನಾನು ಈ ಬಿಸಿಯ ಹಿಂದೆ ಬಿದ್ದೆ. ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ವಯಸ್ಸಾದವರು, ಚಿಕ್ಕ ಮಕ್ಕಳು ಟ್ಯಾಬ್ ಹಿಡಿದಿರುವ ಮನೆಗಳು ಬಹಳ ಇವೆ. ಬಿಸಿಯಾದ ಟ್ಯಾಬ್ "ನನಗೆ ಬಿಸಿಯಾಗಿದೆ" ಅಂತ ಯಾವಾಗಲೂ ಹೇಳುವುದಿಲ್ಲ. ಮಂಕಾಗುತ್ತದೆ, ನಿಧಾನವಾಗುತ್ತದೆ, ಚಾರ್ಜ್ ಆಗುವುದಿಲ್ಲ. ಇದನ್ನು ಬಳಸುವವರು ತಮ್ಮ ಕಣ್ಣನ್ನೋ ಕೈಯನ್ನೋ ಅನುಮಾನಿಸಿಕೊಂಡು ಸುಮ್ಮನಾಗುತ್ತಾರೆ.

ಮೊದಲು ತಿಳಿದುಕೊಳ್ಳಬೇಕಾದದ್ದು, ಸಾಮಾನ್ಯವಾಗಿ ಟ್ಯಾಬ್‌ನೊಳಗೆ ಫ್ಯಾನ್ ಇರುವುದಿಲ್ಲ. ಲ್ಯಾಪ್‌ಟಾಪ್ ಬಿಸಿಯಾದರೆ ಒಳಗಿನ ಫ್ಯಾನ್ ಗುಂಯ್ ಅಂತ ತಿರುಗಿ ಬಿಸಿಗಾಳಿಯನ್ನು ಹೊರಗೆ ದಬ್ಬುತ್ತದೆ. ಟ್ಯಾಬ್‌ಗೆ ಆ ದಾರಿ ಇಲ್ಲ. ಚಿಪ್‌ನಲ್ಲಿ ಹುಟ್ಟಿದ ಬಿಸಿ ಗ್ರಾಫೈಟ್‌ನ ತೆಳು ಹಾಳೆಗಳ ಮೂಲಕ ಅಗಲಕ್ಕೆ ಹರಡಿಕೊಂಡು, ಬೆನ್ನಿನ ಲೋಹಕ್ಕೂ ಮುಂದಿನ ಗಾಜಿಗೂ ಬಂದು, ಅಲ್ಲಿಂದ ಗಾಳಿಗೆ ಹೋಗಬೇಕು. ಟ್ಯಾಬ್‌ನ ಮೈಯೇ ಅದರ ರೇಡಿಯೇಟರ್. ಇದೊಂದು ಮಾತು ತಲೆಗೆ ಹೋದರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಬೆನ್ನು ಬೆಚ್ಚಗಾಗುವುದು ರೋಗವಲ್ಲ, ಬಿಸಿ ಹೊರಗೆ ಬರುತ್ತಿದೆ ಅಂತ ಅರ್ಥ. ಪ್ಲಾಸ್ಟಿಕ್ ಬೆನ್ನಿನ ಟ್ಯಾಬ್ ಕೈಗೆ ತಣ್ಣಗಿದ್ದರೂ ಒಳಗೆ ಕುದಿಯುತ್ತಿರಬಹುದು. ಅಲ್ಯೂಮಿನಿಯಂ ಬಿಸಿಯನ್ನು ಸಾಗಿಸುವ ಶಕ್ತಿ ಸಾಮಾನ್ಯ ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಜಾಸ್ತಿ. ಕೈಗೆ ಬಿಸಿ ತಾಗುವ ಲೋಹದ ಟ್ಯಾಬ್ ಹಲವು ಸಲ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುತ್ತದೆ.

ಇನ್ನು ಎಷ್ಟು ಬಿಸಿ ಹುಟ್ಟುತ್ತದೆ? ಒಂದು ಲೆಕ್ಕ ಹಾಕಿ ನೋಡಿದೆ, ನನಗಂತೂ ಕಣ್ಣು ತೆರೆಸಿತು. ಹತ್ತು ಇಂಚಿನ ಟ್ಯಾಬ್ ಒಂದರ ಬ್ಯಾಟರಿಯಲ್ಲಿ ಸುಮಾರು 28ರಿಂದ 30 ವ್ಯಾಟ್-ಗಂಟೆಯಷ್ಟು ಶಕ್ತಿ ಇರುತ್ತದೆ. ಅದು ಹತ್ತು ಗಂಟೆ ಬಂದರೆ, ಸರಾಸರಿ 3 ವ್ಯಾಟ್ ಖರ್ಚು. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್‌ನ ಮೂರರಲ್ಲಿ ಒಂದು ಪಾಲು. ಈ 3 ವ್ಯಾಟ್ ಹೆಚ್ಚುಕಡಿಮೆ ಪೂರ್ತಿ ಕೊನೆಗೆ ಬಿಸಿಯೇ ಆಗುತ್ತದೆ. ಅದು ದೊಡ್ಡದೇನಲ್ಲ. ಎರಡೂ ಮೈಗೆ ಗಾಳಿ ಆಡುತ್ತಿದ್ದರೆ ಟ್ಯಾಬ್ ಕೋಣೆಗಿಂತ ನಾಲ್ಕೈದು ಡಿಗ್ರಿ ಜಾಸ್ತಿ ಇರುತ್ತದೆ, ಅಷ್ಟೇ. ಬೆಳಕು ಪೂರ್ತಿ ಏರಿಸಿ, ಭಾರಿ ಗೇಮ್ ಹಾಕಿ, ಚಾರ್ಜ್ ಕೂಡ ಮಾಡಿದರೆ ಹತ್ತು ವ್ಯಾಟ್ ಮುಟ್ಟಬಹುದು. ಆಗ ಹತ್ತು ಹನ್ನೆರಡು ಡಿಗ್ರಿ ಏರುತ್ತದೆ. ಒಂದು ಮೈಯನ್ನು ಹೊದಿಕೆಯಿಂದ ಮುಚ್ಚಿಬಿಟ್ಟರೆ ಆ ಏರಿಕೆ ಸುಮಾರು ಎರಡು ಪಟ್ಟು. ಇದೆಲ್ಲ ಅಂದಾಜಿನ ಲೆಕ್ಕವೇ, ಆದರೆ ಅಳತೆಯ ಗಾತ್ರ ತಿಳಿಯಲು ಸಾಕು.

ಈಗ ಬಿಸಿಲಿನ ಲೆಕ್ಕ. ನೇರ ಬಿಸಿಲು ಒಂದು ಚದರ ಮೀಟರ್‌ಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. ಟ್ಯಾಬ್‌ನ ಮುಖ 25 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ಅದರ ಮೇಲೆ ಬೀಳುವುದು 45 ವ್ಯಾಟ್! ಕಿಟಕಿಯ ಗಾಜು ಒಂದಷ್ಟು ತಡೆಯುತ್ತದೆ, ಓರೆಯಾಗಿ ಬಿದ್ದರೆ ಇನ್ನಷ್ಟು ಕಡಿಮೆ. ಆದರೂ ಕಪ್ಪು ಪರದೆ ಬಿಸಿಲನ್ನು ಹೀರುವುದರಲ್ಲಿ ಬಲು ಜೋರು. ಟ್ಯಾಬ್ ತಾನಾಗಿ ಹುಟ್ಟಿಸುವ ಬಿಸಿಗಿಂತ ಹಲವು ಪಟ್ಟು ಬಿಸಿಯನ್ನು ಬಿಸಿಲು ಅದರ ಮೈಮೇಲೆ ತಂದು ಹಾಕುತ್ತದೆ. ಅಪ್ಪನ ಟ್ಯಾಬ್‌ಗೆ ಆ ಮಧ್ಯಾಹ್ನಗಳಲ್ಲಿ ಆಗುತ್ತಿದ್ದದ್ದು ಇದೇ. ಮೇಲಿಂದ ಬಿಸಿಲು, ಒಳಗಿಂದ ಚಾರ್ಜಿಂಗ್, ಕೆಳಗಿಂದ ಹೊದಿಕೆ ಮತ್ತು ಮನುಷ್ಯನ ಮೈಬಿಸಿ, ಇಷ್ಟರ ನಡುವೆ ದಪ್ಪ ಕವರ್. ಅಲ್ಲಿ ಓಡುತ್ತಿದ್ದದ್ದು ಬರೀ ಪುಸ್ತಕ ಓದುವ ಆಪ್. ಟ್ಯಾಬ್‌ಗೆ ಇದಕ್ಕಿಂತ ಹಗುರವಾದ ಕೆಲಸವೇ ಇಲ್ಲ.

ಅದಕ್ಕೇ ನನಗೆ ಒಂದು ವಿಷಯದಲ್ಲಿ ಜಾಸ್ತಿ ಬೇಸರ. ಟ್ಯಾಬ್ ಬಿಸಿಯಾಗುತ್ತಿದೆ ಅಂದ ಕೂಡಲೇ ಎಲ್ಲರೂ ಕೊಡುವ ಸಲಹೆ "ಹಿಂದೆ ಓಡುತ್ತಿರುವ ಆಪ್‌ಗಳನ್ನೆಲ್ಲ ಮುಚ್ಚಿ" ಅಂತ. "ತಂಪು ಮಾಡುವ ಆಪ್ ಹಾಕಿಕೊಳ್ಳಿ" ಅನ್ನುವವರೂ ಇದ್ದಾರೆ. ತಂಪು ಮಾಡುವ ಆಪ್ ಅನ್ನುವುದು ದೊಡ್ಡ ಸುಳ್ಳು. ಯಾವ ಆಪ್‌ಗೂ ಬಿಸಿಯನ್ನು ಹೊರಗೆ ಎತ್ತಿಹಾಕುವ ಶಕ್ತಿ ಇಲ್ಲ. ಜಾಹೀರಾತು ತೋರಿಸುತ್ತಾ ತಾನೇ ಇನ್ನಷ್ಟು ಕೆಲಸ ಕೊಡುತ್ತದೆ. ಆಪ್‌ಗಳನ್ನು ಪದೇ ಪದೇ ಮುಚ್ಚುವುದರಿಂದಲೂ ಹೆಚ್ಚಿನ ಲಾಭವಿಲ್ಲ. ಮುಚ್ಚಿದ್ದನ್ನು ಮತ್ತೆ ಮೊದಲಿನಿಂದ ತೆರೆಯಲು ಚಿಪ್ ಜಾಸ್ತಿ ದುಡಿಯಬೇಕಾಗುತ್ತದೆ. ಯಾವುದೋ ಒಂದು ಆಪ್ ಸಿಕ್ಕಿಹಾಕಿಕೊಂಡು ಸುಮ್ನೆ ಸುತ್ತುತ್ತಿದ್ದರೆ ಅದನ್ನು ಮುಚ್ಚಬೇಕು, ನಿಜ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಪುಟ ತೆರೆದರೆ ಯಾವ ಆಪ್ ಎಷ್ಟು ತಿಂದಿದೆ ಅಂತ ಕಾಣುತ್ತದೆ. ನೀವು ಮುಟ್ಟದೇ ಇದ್ದ ಆಪ್ ಅಲ್ಲಿ ಮೇಲಿನ ಸಾಲಿನಲ್ಲಿದ್ದರೆ ಅದೇ ಕಳ್ಳ. ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಬೆಚ್ಚಗಿರುವುದು ಬೇರೆ ಸಂಗತಿ. ಒಳಗೆ ಫೋಟೋಗಳನ್ನು, ಆಪ್‌ಗಳನ್ನು ಮತ್ತೆ ಜೋಡಿಸಿಕೊಳ್ಳುವ ಕೆಲಸ ನಡೆದಿರುತ್ತದೆ, ತಾನಾಗಿ ನಿಲ್ಲುತ್ತದೆ.

ಮಂಕಾಗುವುದರ ಬಗ್ಗೆ ಇನ್ನೊಂದಷ್ಟು ಹೇಳಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ಇಷ್ಟು ಸಂಕಟ ಕೊಟ್ಟದ್ದು ಅದೇ. ಒಳಗೆ ಬಿಸಿ ಅಳೆಯುವ ಸೆನ್ಸರ್‌ಗಳಿರುತ್ತವೆ. ಚಿಪ್‌ಗೊಂದು, ಬ್ಯಾಟರಿಗೊಂದು, ಹೀಗೆ. ಬಿಸಿ ಒಂದು ಮಿತಿ ದಾಟಿದರೆ ಟ್ಯಾಬ್ ಹಂತ ಹಂತವಾಗಿ ತನ್ನ ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ. ಚಿಪ್‌ನ ಓಟ ತಗ್ಗಿಸುತ್ತದೆ. ಪರದೆಯ ಬೆಳಕು ಇಳಿಸುತ್ತದೆ. ಚಾರ್ಜಿಂಗ್ ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಕೊನೆಗೆ ತಾನೇ ಆಫ್ ಆಗುತ್ತದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಲ್ಲಿ ಈ ಬಿಸಿಯ ಸ್ಥಿತಿಗೆ ಏಳು ಹಂತಗಳನ್ನೇ ಇಟ್ಟಿದ್ದಾರೆ. ಮೊದಲನೆಯದು "ಏನೂ ಇಲ್ಲ", ಕೊನೆಯದು "ಆಫ್". ನಡುವಿನ ಹಂತಗಳು ಆಪ್‌ಗಳಿಗೆ ತಿಳಿಯುತ್ತವೆ, ಬಳಸುವವರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಐಪ್ಯಾಡ್‌ನಲ್ಲಿ ತೀರಾ ಬಿಸಿಯಾದಾಗ ಮಾತ್ರ ಪರದೆ ತುಂಬ ಎಚ್ಚರಿಕೆ ಬರುತ್ತದೆ, ತಣ್ಣಗಾಗುವವರೆಗೆ ಬಳಸಲು ಬಿಡುವುದಿಲ್ಲ. ಅದಕ್ಕೂ ಮೊದಲಿನ ಮಂಕು ಯಾವ ಮಾತೂ ಇಲ್ಲದೆ ಬಂದುಬಿಡುತ್ತದೆ. ಮಂಕಾಗುವಾಗ ಮೂಲೆಯಲ್ಲಿ ಒಂದು ಸಣ್ಣ ಸಾಲು, "ಬಿಸಿಯಾಗಿದೆ, ಬೆಳಕು ಇಳಿಸಿದ್ದೇನೆ" ಅಂತ ತೋರಿಸಿದ್ದರೆ ಅಪ್ಪನ ಮೂರು ವಾರ ಉಳಿಯುತ್ತಿತ್ತು. ಟ್ಯಾಬ್ ಮಾಡುವವರು ಇದನ್ನು ಮಾಡಲೇಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಎಷ್ಟು ಬಿಸಿ ಅಂದರೆ ಜಾಸ್ತಿ? ಆಪಲ್ ತನ್ನ ಐಪ್ಯಾಡ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಿ ಎನ್ನುತ್ತದೆ, ಸುಮ್ನೆ ಇಟ್ಟಿರಲು 45 ಡಿಗ್ರಿವರೆಗೆ ಆಗಬಹುದು ಎನ್ನುತ್ತದೆ. ಗಮನಿಸಿ, 35 ಡಿಗ್ರಿ ಅನ್ನುವುದು ಟ್ಯಾಬ್‌ನ ಮೈಬಿಸಿ ಅಲ್ಲ, ಸುತ್ತಲಿನ ಹವೆಯದು. ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ ಅನ್ನುವುದು ಇದಕ್ಕೇ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಹವೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ ಹದಿನೈದು ಡಿಗ್ರಿಗೂ ಜಾಸ್ತಿ ಏರಿಬಿಡುತ್ತದೆ. ಟ್ಯಾಬ್‌ನ ಮೈ ಬಿಸಿಯಾಗುವುದು ಹೊಸ ವಿಷಯವೂ ಅಲ್ಲ. 2012ರಲ್ಲಿ ಮೂರನೇ ಐಪ್ಯಾಡ್ ಬಂದಾಗ, ಗ್ರಾಹಕರಿಗಾಗಿ ವಸ್ತುಗಳನ್ನು ಪರೀಕ್ಷಿಸುವ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಚಾರ್ಜರ್ ಸಿಕ್ಕಿಸಿ ಗೇಮ್ ಆಡಿಸುತ್ತಾ ಅಳೆದಿತ್ತು. ಅದರ ಬೆನ್ನು ಸುಮಾರು 47 ಡಿಗ್ರಿ ಮುಟ್ಟಿತ್ತು. ಅದು ತಮ್ಮ ಮಿತಿಯೊಳಗೇ ಇದೆ ಅಂತ ಆಪಲ್ ಆಗ ಹೇಳಿತ್ತು.

ಆದರೆ ಯಂತ್ರಕ್ಕೆ ಸರಿ ಅನ್ನಿಸಿದ ಬಿಸಿ ಮನುಷ್ಯನ ಚರ್ಮಕ್ಕೆ ಸರಿ ಆಗಬೇಕಾಗಿಲ್ಲ. 44 ಡಿಗ್ರಿಯ ಬಿಸಿ ಸುಮಾರು ಆರು ಗಂಟೆ ಬಿಡದೆ ತಾಗಿದರೆ ಚರ್ಮ ಸುಡುತ್ತದೆ ಅಂತ ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವೈದ್ಯ ಸಂಶೋಧಕರು 1947ರಲ್ಲೇ ತೋರಿಸಿದ್ದರು. ಅದಕ್ಕಿಂತ ಜಾಸ್ತಿ ಬಿಸಿಯಾದಷ್ಟೂ ಬೇಕಾಗುವ ಹೊತ್ತು ಬೇಗ ಬೇಗ ಕಡಿಮೆಯಾಗುತ್ತದೆ. ಲ್ಯಾಪ್‌ಟಾಪನ್ನು ದಿನಾ ತೊಡೆಯ ಮೇಲೆ ಇಟ್ಟುಕೊಂಡವರಿಗೆ ಚರ್ಮದ ಮೇಲೆ ಬಲೆಯಂಥ ಕೆಂಪು ಕಲೆ ಬಂದ ಉದಾಹರಣೆಗಳನ್ನು ಡಾಕ್ಟರುಗಳು ದಾಖಲಿಸಿದ್ದಾರೆ. ವಯಸ್ಸಾದವರ ಚರ್ಮ ತೆಳು, ಬಿಸಿ ಬೇಗ ತಿಳಿಯುವುದೂ ಇಲ್ಲ. ಹೊಟ್ಟೆಯ ಮೇಲೆ ಟ್ಯಾಬ್ ಇಟ್ಟುಕೊಂಡೇ ನಿದ್ದೆ ಹೋಗುವುದು ಅಪ್ಪನ ಅಭ್ಯಾಸ. ಇದನ್ನು ಓದಿದ ಮೇಲೆ ನನಗೆ ಮಂಕು ಪರದೆಗಿಂತ ಇದೇ ದೊಡ್ಡ ಚಿಂತೆಯಾಯಿತು.

ಒಂದು ಭಾನುವಾರ ಪರೀಕ್ಷೆ ಮಾಡಿದೆವು. ಬ್ಯಾಟರಿಯ ಬಿಸಿ ತೋರಿಸುವ ಒಂದು ಆಪ್ ಹಾಕಿಕೊಂಡೆ. ಅಪ್ಪ ಡೈರಿಯಲ್ಲಿ ಬರೆದುಕೊಳ್ಳುವ ಕೆಲಸ ತಾವೇ ವಹಿಸಿಕೊಂಡರು. ಮೊದಲು ಎಂದಿನ ಹಾಗೆ, ಮಂಚ, ಹೊದಿಕೆ, ಕವರ್, ಚಾರ್ಜರ್, ಬಿಸಿಲು. ಶುರುವಿನಲ್ಲಿ 31 ಡಿಗ್ರಿ. ಅರ್ಧ ಗಂಟೆಗೆ 43. ಚಾರ್ಜ್ ನಿಂತದ್ದು 45ರ ಹತ್ತಿರ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿಯೊಳಗೆ ಮಾತ್ರ ಚಾರ್ಜ್ ಮಾಡಬೇಕು, ಹಾಗಾಗಿ ಅದು ಅಲ್ಲಿಗೆ ನಿಂತದ್ದು ಸರಿಯೇ. ಸ್ವಲ್ಪ ಹೊತ್ತಿಗೆ ಪರದೆಯೂ ಮಂಕಾಯಿತು. ಅಪ್ಪ ಗಂಟೆ ನೋಡಿ ಬರೆದರು: "2.50, ಮಂಕು." ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಆ ಗೆರೆ ಎಳೆಯುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆಯುವುದಿಲ್ಲ.

ಆಮೇಲೆ ಪೂರ್ತಿ ತಣ್ಣಗಾಗಲು ಬಿಟ್ಟೆವು. ಕವರ್ ತೆಗೆದು, ಮೇಜಿನ ಮೇಲೆ ಸ್ಟ್ಯಾಂಡ್‌ಗೆ ನಿಲ್ಲಿಸಿ, ಚಾರ್ಜರ್ ಇಲ್ಲದೆ, ನೆರಳಿನಲ್ಲಿ ಮತ್ತೆ ಓದಿದರು. ಒಂದು ಗಂಟೆ ಆದರೂ 34 ದಾಟಲಿಲ್ಲ. ಅದೇ ಟ್ಯಾಬ್, ಅದೇ ಪುಸ್ತಕ. ಯಾವ ಸೆಟ್ಟಿಂಗ್ಸನ್ನೂ ನಾವು ಮುಟ್ಟಿರಲಿಲ್ಲ. ಜಾಗ ಬದಲಾಯಿಸಿದೆವು, ಅಷ್ಟೇ.

ಆ ತಣ್ಣಗಾಗಲು ಬಿಡುವ ಹೊತ್ತಲ್ಲಿ ನನ್ನ ತಮ್ಮ ಬಂದವನು "ಫ್ರಿಜ್‌ನಲ್ಲಿ ಐದು ನಿಮಿಷ ಇಡೋಣ" ಅಂದ. ತುಂಬಾ ಜನಕ್ಕೆ ಬರುವ ಯೋಚನೆ ಇದು. ದಯವಿಟ್ಟು ಮಾಡಬೇಡಿ. ತಣ್ಣಗಾದ ಟ್ಯಾಬನ್ನು ಹೊರಗೆ ತೆಗೆದ ಕೂಡಲೇ ಸುತ್ತಲಿನ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಎಸಿ ಕೋಣೆಯಿಂದ ಹೊರಗೆ ಬಂದಾಗ ಕನ್ನಡಕದ ಮೇಲೆ ಮಂಜು ಕೂರುತ್ತದಲ್ಲ, ಹಾಗೆಯೇ. ಹೊರಗಿನ ಹನಿಯನ್ನು ಒರೆಸಬಹುದು, ಒಳಗಿನ ಸರ್ಕ್ಯೂಟ್ ಮೇಲೆ ಕೂತದ್ದನ್ನು ಒರೆಸುವವರು ಯಾರು? ಒದ್ದೆ ಬಟ್ಟೆ, ಐಸ್, ಇವೂ ಬೇಡ. ಕವರ್ ತೆಗೆದು, ಚಾರ್ಜರ್ ಕಿತ್ತು, ಪರದೆ ಆರಿಸಿ, ನೆರಳಲ್ಲಿ ಗಾಳಿ ಆಡುವ ಕಡೆ ನಿಲ್ಲಿಸಿದರೆ ಸಾಕು. ಫ್ಯಾನ್ ಗಾಳಿ ಒಳ್ಳೆಯದು, ಅದು ಮೈಯ ಸುತ್ತ ಕಟ್ಟಿಕೊಂಡ ಬಿಸಿಗಾಳಿಯನ್ನು ಸರಿಸುತ್ತದೆ. ಸಣ್ಣ ವಿಮಾನ ಓಡಿಸುವ ಪೈಲಟ್‌ಗಳು ನಕ್ಷೆ ನೋಡಲು ಟ್ಯಾಬ್ ಬಳಸುತ್ತಾರೆ. ಕಾಕ್‌ಪಿಟ್‌ನ ಗಾಜಿನಿಂದ ಬರುವ ಬಿಸಿಲಿಗೆ ಅದು ಕೈಕೊಡುವುದುಂಟು. ಅವರಿಗಾಗಿ ಬೆನ್ನಿಗೆ ಫ್ಯಾನ್ ಇರುವ ಸ್ಟ್ಯಾಂಡ್‌ಗಳೇ ಬಂದಿವೆ. ಹಾರುತ್ತಿರುವಾಗ ನಕ್ಷೆ ಮಾಯವಾದರೆ ಎಂಥ ಗಾಬರಿ!

ಓದುವುದಕ್ಕಿಂತ ನಮ್ಮ ಮನೆಯಲ್ಲಿ ಟ್ಯಾಬ್ ಬಿಸಿ ಮಾಡುತ್ತಿದ್ದದ್ದು ವಿಡಿಯೋ ಕಾಲ್. ಅಕ್ಕನ ಮಗಳು ಅಜ್ಜನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಾಳೆ. ಆ ಹೊತ್ತಿನಲ್ಲಿ ಟ್ಯಾಬ್‌ನ ಎಲ್ಲ ಅಂಗಗಳೂ ಒಟ್ಟಿಗೆ ದುಡಿಯುತ್ತವೆ. ಕ್ಯಾಮೆರಾ ಓಡುತ್ತದೆ, ನಮ್ಮ ಚಿತ್ರವನ್ನು ಕುಗ್ಗಿಸಿ ಕಳಿಸಬೇಕು, ಅವರ ಚಿತ್ರವನ್ನು ಬಿಡಿಸಿ ತೋರಿಸಬೇಕು, ವೈಫೈ ಎರಡೂ ಕಡೆ ಸಾಗಿಸುತ್ತಿರಬೇಕು, ಪರದೆ ಹೊತ್ತಿಕೊಂಡೇ ಇರಬೇಕು. ಸಿಗ್ನಲ್ ದುರ್ಬಲವಾಗಿದ್ದರೆ ರೇಡಿಯೋ ಇನ್ನೂ ಜೋರಾಗಿ ಕೂಗಬೇಕು, ಅದೂ ಬಿಸಿಯೇ. ಹಳೆಯ ಟ್ಯಾಬ್‌ಗಳಲ್ಲಿ ಬರೀ ವಿಡಿಯೋ ನೋಡಿದರೂ ಬಿಸಿಯಾಗುವುದುಂಟು. ವಿಡಿಯೋವನ್ನು ಕುಗ್ಗಿಸುವ ಹೊಸ ಹೊಸ ವಿಧಾನಗಳು ಬರುತ್ತಿವೆ. ಅದನ್ನು ಬಿಡಿಸುವ ಪ್ರತ್ಯೇಕ ಭಾಗ ಹಳೆಯ ಚಿಪ್‌ನಲ್ಲಿ ಇರುವುದಿಲ್ಲ. ಆಗ ಮುಖ್ಯ ಪ್ರೊಸೆಸರ್ರೇ ಆ ಹೊರೆ ಹೊರಬೇಕು. ವಿಡಿಯೋ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ವ್ಯತ್ಯಾಸ ಕೂಡಲೇ ಕೈಗೆ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ನನ್ನ ಮನಸ್ಸಿನಲ್ಲಿ ಒಂದು ಕೊರೆತ ಉಳಿದಿತ್ತು. ಇಷ್ಟು ತಿಂಗಳು ಬಿಸಿಯಲ್ಲಿ ಬೆಂದ ಬ್ಯಾಟರಿಯ ಗತಿ ಏನು? ಲಿಥಿಯಂ ಬ್ಯಾಟರಿಗೆ ಬರೀ ಬಿಸಿಗಿಂತಲೂ ಕೆಟ್ಟದ್ದು ಬಿಸಿಯಲ್ಲಿ ಪೂರ್ತಿ ಚಾರ್ಜ್ ತುಂಬಿಕೊಂಡಿರುವುದು. ಬ್ಯಾಟರಿ ಯೂನಿವರ್ಸಿಟಿ ಎಂಬ ತಾಣದಲ್ಲಿ ಒಂದು ಪಟ್ಟಿ ಇದೆ. 25 ಡಿಗ್ರಿಯಲ್ಲಿ, 40 ಪರ್ಸೆಂಟ್ ಚಾರ್ಜ್‌ನಲ್ಲಿ ಒಂದು ವರ್ಷ ಸುಮ್ನೆ ಇಟ್ಟ ಬ್ಯಾಟರಿಯಲ್ಲಿ 96 ಪರ್ಸೆಂಟ್ ಸಾಮರ್ಥ್ಯ ಉಳಿದಿರುತ್ತದೆ. 40 ಡಿಗ್ರಿಯಲ್ಲಿ, ಪೂರ್ತಿ ಚಾರ್ಜ್‌ನಲ್ಲಿ ಇಟ್ಟರೆ ಉಳಿಯುವುದು 65. ಅದೂ ಬಳಸದೆ, ಬರೀ ಇಟ್ಟದ್ದಕ್ಕೆ. ಹೀಗೆ ಸೋತ ಬ್ಯಾಟರಿಯ ಒಳತಡೆ, ಅಂದರೆ ಕರೆಂಟ್ ಹರಿಯಲು ಒಳಗೇ ಆಗುವ ಅಡ್ಡಿ, ಏರುತ್ತದೆ, ತಡೆ ಏರಿದಷ್ಟೂ ಕರೆಂಟ್ ಹರಿಯುವಾಗ ಬಿಸಿ ಜಾಸ್ತಿ. ಬಿಸಿ ಬ್ಯಾಟರಿಯನ್ನು ಕೆಡಿಸುತ್ತದೆ, ಕೆಟ್ಟ ಬ್ಯಾಟರಿ ಇನ್ನಷ್ಟು ಬಿಸಿಯಾಗುತ್ತದೆ. ಅಪ್ಪನ ಟ್ಯಾಬ್‌ನ ಚಾರ್ಜ್ ಬೆಳಗಿನ ಓದಿಗೇ ಅರ್ಧ ಇಳಿಯುತ್ತಿದ್ದದ್ದಕ್ಕೆ ಇದೇ ಕಾರಣ ಇರಬೇಕು. ಚಾರ್ಜ್ ಇಳಿಯಿತು ಅಂತ ಓದುವಾಗಲೇ ಚಾರ್ಜರ್ ಸಿಕ್ಕಿಸುವುದು, ಸಿಕ್ಕಿಸಿದ್ದಕ್ಕೆ ಮತ್ತೆ ಬಿಸಿ.

ಈಗ ಚಾರ್ಜ್ ರಾತ್ರಿ ಮಾತ್ರ, ಮೇಜಿನ ಮೇಲೆ, ಕವರ್ ಇಲ್ಲದೆ. 80 ಪರ್ಸೆಂಟ್‌ಗೆ ನಿಲ್ಲಿಸುವ ಸೆಟ್ಟಿಂಗ್ ಇತ್ತು, ಅದನ್ನು ಹಾಕಿದ್ದೇನೆ. ಹಲವು ಹೊಸ ಟ್ಯಾಬ್‌ಗಳಲ್ಲಿ ಈ ಸೌಲಭ್ಯ ಇದೆ, ಹುಡುಕಿ ನೋಡಿ.

ನಿಜವಾಗಿ ಹೆದರಬೇಕಾದ ಬಿಸಿ ಬೇರೆ ಇದೆ. ಏನೂ ಕೆಲಸ ಮಾಡದೆ, ಚಾರ್ಜರ್ ಇಲ್ಲದೆ, ನೆರಳಲ್ಲಿ ಮಲಗಿದ್ದರೂ ಟ್ಯಾಬ್ ಕಾಯುತ್ತಿದ್ದರೆ ಅದು ಒಳ್ಳೆಯ ಸೂಚನೆ ಅಲ್ಲ. ಪರದೆಯ ಅಂಚು ಚೌಕಟ್ಟಿನಿಂದ ಮೇಲೆದ್ದಿದ್ದರೆ, ಸಮತಟ್ಟು ಮೇಜಿನ ಮೇಲೆ ಮಲಗಿಸಿದಾಗ ಟ್ಯಾಬ್ ತಿರುಗಣಿಯಂತೆ ಆಡಿದರೆ, ಒಳಗಿನ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಟ್ಯಾಬ್‌ನ ಬ್ಯಾಟರಿ ಸಾಮಾನ್ಯವಾಗಿ ಮೆತ್ತನೆಯ ಚೀಲದ ರೂಪದಲ್ಲಿರುತ್ತದೆ, ಒಳಗೆ ಅನಿಲ ತುಂಬಿದರೆ ಉಬ್ಬುತ್ತದೆ. ಅದನ್ನು ಒತ್ತಿ ಕೂರಿಸಲು ಹೋಗಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಆಫ್ ಮಾಡಿ, ಬೆಂಕಿ ತಗುಲುವ ವಸ್ತುಗಳಿಂದ ದೂರ ಇಟ್ಟು, ತಿಳಿದವರಿಗೆ ಕೊಡಬೇಕು. 2015ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಶೀಲ್ಡ್ ಟ್ಯಾಬ್ಲೆಟ್‌ಗಳನ್ನು ವಾಪಸ್ ಕರೆಸಿಕೊಂಡಿತ್ತು, ಸುಮಾರು 88,000 ಟ್ಯಾಬ್‌ಗಳು. ಬ್ಯಾಟರಿ ವಿಪರೀತ ಕಾದು ಬೆಂಕಿ ಹತ್ತುವ ಅಪಾಯವಿತ್ತು. ನಿಮ್ಮ ಟ್ಯಾಬ್ ಕಾರಣವಿಲ್ಲದೆ ಬಿಸಿಯಾಗುತ್ತಿದ್ದರೆ ಅದರ ಮಾಡೆಲ್‌ಗೆ ಇಂಥ ಕರೆ ಏನಾದರೂ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಅಪ್ಪನ ಟ್ಯಾಬನ್ನು ನಾನು ಗಾಜಿನ ಮೇಲೆ ಮಲಗಿಸಿ, ಕಣ್ಣಿನ ಮಟ್ಟಕ್ಕೆ ಬಗ್ಗಿ, ಅಂಚಿನ ಸುತ್ತ ನೋಡಿದೆ. ಎಲ್ಲೂ ಬೆಳಕು ನುಸುಳಲಿಲ್ಲ. ಆಮೇಲೇ ಉಸಿರು ಬಿಟ್ಟದ್ದು.

ಮಂಚ ಬಿಟ್ಟು ಕುರ್ಚಿ ಮೇಜಿಗೆ ಬರಲು ಅಪ್ಪನಿಗೆ ಮೊದಲು ಮನಸ್ಸಿರಲಿಲ್ಲ. ಊಟವಾದ ಮೇಲೆ ಒರಗಿಕೊಂಡು ಓದುವ ಸುಖವೇ ಬೇರೆ, ಅದು ನನಗೂ ಗೊತ್ತು. ಕೊನೆಗೆ ಮಂಚದ ಪಕ್ಕಕ್ಕೇ ಜೋಡಿಸಬಹುದಾದ, ಉದ್ದ ಕುತ್ತಿಗೆಯ ಒಂದು ಸ್ಟ್ಯಾಂಡ್ ತಂದೆ. ಟ್ಯಾಬ್ ಈಗ ಅವರ ಮುಂದೆ ಗಾಳಿಯಲ್ಲಿ ತೇಲುವಂತೆ ನಿಂತಿರುತ್ತದೆ, ಹಿಂದೆ ಮುಂದೆ ಎರಡೂ ಮೈ ಖಾಲಿ. ಕಿಟಕಿಗೆ ಪರದೆ ಎಳೆದಿರುತ್ತೇವೆ. ಬಿಸಿಲು ಒಳಗೆ ಬಾರದ ಕಾರಣ ಬ್ರೈಟ್‌ನೆಸ್ ಅರ್ಧ ಇದ್ದರೂ ಅವರಿಗೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಆಗಾಗ ಪುಟ ತಿರುಗಿಸುವಾಗ ಟ್ಯಾಬ್‌ನ ಬೆನ್ನಿಗೆ ಕೈಯ ಹಿಂಬದಿ ಇಟ್ಟು ನೋಡುತ್ತಾರೆ, ನಾವು ಚಿಕ್ಕವರಿದ್ದಾಗ ನಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರಲ್ಲ, ಹಾಗೆಯೇ.

ಮೊನ್ನೆ ಶನಿವಾರ ಬೆಳಿಗ್ಗೆ ನಾನಿನ್ನೂ ಎದ್ದಿರಲಿಲ್ಲ. ಅಪ್ಪ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಟ್ಯಾಬ್. ಕಾದಂಬರಿಯ ಕೊನೆಯ ಪುಟ ತೆರೆದಿತ್ತು, ಕೆಳಗೆ 100 ಪರ್ಸೆಂಟ್ ಅಂತ ಇತ್ತು.

"ಇದು ಮುಗೀತು ಕಣಮ್ಮ. ಇನ್ನೊಂದು ಹಾಕಿಕೊಡು. ಈ ಸಲ ಸ್ವಲ್ಪ ದಪ್ಪದ್ದು."